ಕರೆಂಟು ನಿಲ್ಲದಂತೆ ನೀರು ಕೂಡಿಟ್ಟ ಸರ್ ಎಂ.ವಿ.

ಸರ್ ಎಂ. ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ ಓದಿ 1881ರಲ್ಲಿ ಬಿ.ಎ. ಪಾಸಾದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಹೆಚ್ಚಾದರೆ ತಾವೇ ತೆರೆದುಕೊಳ್ಳುವ ಗೇಟುಗಳನ್ನು ಹಾಕಿಸಿದರು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರ್ ಆದರು. ಶಿವನಸಮುದ್ರದ ಕರೆಂಟು 1902ರಿಂದಲೇ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಚಿಂತೆ ಇರಲಿಲ್ಲ. ಬೇಸಿಗೆ ಬಂತಂದ್ರೆ ಕಾವೇರಿ ಸೊರಗಿ ಕರೆಂಟು ಕಮ್ಮಿ ಆಗೋದು. ಗಣಿಯ ಯಂತ್ರಗಳಿಗೋ ವರ್ಷವಿಡೀ ಕರೆಂಟು ಬೇಕು!

ಮಳೆಗಾಲದ ನೀರನ್ನು ಮೇಲ್ಗಡೆ ನಿಲ್ಲಿಸಿಕೊಂಡು ಬೇಸಿಗೆಯಲ್ಲಿ ಬಿಡಬೇಕೆಂದು ವಿಶ್ವೇಶ್ವರಯ್ಯನವರು ಯೋಜನೆ ಹಾಕಿದರು. ಅದೇ ಕನ್ನಂಬಾಡಿ ಕಟ್ಟೆ. ಖರ್ಚು ಬಹಳವೆಂದು ಕೆಲವರು ಹಿಂಜರಿದರೂ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು. 1911ರಲ್ಲಿ ಕೆಲಸ ಶುರುವಾಯಿತು. ಹೊಲಗಳಿಗೂ ನೀರು ಸಿಕ್ಕಿತು. ಆದರೆ ಎಷ್ಟೋ ಹಳ್ಳಿಗಳು ಮುಳುಗಿದವು. ಊರು ಬಿಟ್ಟವರ ತ್ಯಾಗವನ್ನೂ ನಾವು ಮರೆಯಬಾರದು.

ಗೆಳೆಯರೇ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ಒಮ್ಮೊಮ್ಮೆ ಸರ್ವರ್ ಇಲ್ಲ ಅಂತಾರಲ್ಲ? ಸರ್ವರ್ ಅಂದ್ರೆ ಬೇರೆ ಊರಲ್ಲಿದ್ದು ಎಲ್ಲರ ಲೆಕ್ಕ ಇಟ್ಟುಕೊಳ್ಳುವ ಕಂಪ್ಯೂಟರು. ಅದರ ಕೋಣೆಯಲ್ಲೂ ಇದೇ ಉಪಾಯ ಅದೆ. ಕರೆಂಟು ಹೋದ ಕೂಡಲೇ ಯುಪಿಎಸ್ ಬ್ಯಾಟರಿ ಕೆಲವು ನಿಮಿಷ ನಡೆಸುತ್ತದೆ. ಅಷ್ಟರಲ್ಲಿ ಡೀಸೆಲ್ ಜನರೇಟರ್ ತಾನೇ ಶುರುವಾಗಬೇಕು, ಆ ಖಡಕ್‌ವಾಸ್ಲಾ ಗೇಟುಗಳ ಹಾಗೆ.

ಇನ್ನೊಂದು ಅಪಾಯವೂ ಅದೆ. ಕಂಪ್ಯೂಟರು ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ಬ್ಯಾಟರಿ ಮೇಲೆ ಕಂಪ್ಯೂಟರು ನಡೆದು ಏಸಿ ಮಾತ್ರ ನಿಂತರೆ, ಕೋಣೆ ಸ್ವಲ್ಪ ಹೊತ್ತಿನಲ್ಲೇ ನಮ್ಮ ಬಳ್ಳಾರಿ ಬಿಸಿಲಿನಂಗ ಆಗಿಬಿಡುತ್ತದೆ! ಆದ್ದರಿಂದ ಏಸಿಗೂ ಜನರೇಟರ್ ಬೇಕು, ಒಂದು ಕೆಟ್ಟರೆ ಇನ್ನೊಂದು ಏಸಿ ಇರಬೇಕು. ಅದೂ ಆಗದಿದ್ದರೆ ಅಷ್ಟು ಅವಶ್ಯವಲ್ಲದ ಕಂಪ್ಯೂಟರುಗಳನ್ನು ಮೊದಲು ಸರಿಯಾಗಿ ಆಫ್ ಮಾಡಬೇಕು. ಇಲ್ಲದಿದ್ದರೆ ಯಂತ್ರ ಸುಟ್ಟು ಜನರ ಲೆಕ್ಕವೇ ಅಳಿಸಿಹೋಗಬಹುದು.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪಡೆದರು. 1962ರ ಏಪ್ರಿಲ್ 14ರಂದು, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅವರ ಹುಟ್ಟಿದ ದಿನವೇ ಇಂಜಿನಿಯರುಗಳ ದಿನ. ನೀರು ಇದ್ದಾಗಲೇ ನೀರಿಲ್ಲದ ದಿನಕ್ಕೆ ಕೂಡಿಡಬೇಕು. ಇದೇ ಅವರ ಜೀವನದಿಂದ ನಾವು ಕಲಿಯುವ ಪಾಠ.

– 9ನೇ ತರಗತಿ, ಸಿರಿಗೇರಿ