ಪೇಟಿ ಮೇಷ್ಟ್ರ ಸಾಲಿನ ದೊಡ್ಡವರು : ಕೀರ್ತಿಶೇಷ ಬಿ.ವಿ. ಕಾರಂತರು



ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹಾಲಿನ ಬಗ್ಗೆ, ಗೂಡಿನ ಬಗ್ಗೆ, ಸಾಲ ವಸೂಲಿ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ನಾಟಕದ ಹುಚ್ಚಿನವನು. ಹಾಗಾಗಿ ನಾಟಕಕ್ಕೆ ಸಂಗೀತ ಕಟ್ಟುವುದರಲ್ಲಿ ನಮ್ಮ ನಾಡಿನಲ್ಲಿ ಹೆಸರಾದ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ತಿಳಿಸುತ್ತೇನೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಕಡೆ ಕುರುಕ್ಷೇತ್ರ ನಾಟಕ ನೋಡದವರು ಯಾರಿದ್ದಾರೆ? ಸುಗ್ಗಿ ಮುಗಿದ ಮೇಲೆ ನಾಟಕದ ಮೇಷ್ಟ್ರನ್ನು ಕರೆಸಿ, ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು ಮಾಡುತ್ತಿದ್ದೆವು. ಸೀನರಿ ಬಾಡಿಗೆಗೆ ಬರುತ್ತಿತ್ತು. ನಮ್ಮದು ಗಡಿ ಸೀಮೆ ಆದ್ದರಿಂದ ಕನ್ನಡ ನಾಟಕದ ನಡುವೆ ಒಂದು ತೆಲುಗು ಪದ್ಯ ಹಾಡಿದರೂ ಯಾರೂ ಬೇಡ ಅನ್ನುತ್ತಿರಲಿಲ್ಲ, ವನ್ಸ್ ಮೋರ್ ಬೀಳುತ್ತಿತ್ತು. ನಾನು ಒಂದು ಸಲ ಕರ್ಣನ ಪಾತ್ರ ಮಾಡಿದ್ದೆ. ಕುಂತಿ ಬಂದು ಅಳುವ ಸನ್ನಿವೇಶ. ವನ್ಸ್ ಮೋರ್ ಅಂತ ಕೂಗಿದರು, ಅದೇ ಪದ್ಯವನ್ನು ಮೂರು ಸಲ ಹಾಡಿದೆ. ಮೂರನೇ ಸಲಕ್ಕೆ ಕುಂತಿ ಪಾತ್ರಧಾರಿ ಅಳುವುದನ್ನು ಬಿಟ್ಟು ಬೀಡಿ ಹಚ್ಚಲು ಸೈಡ್ ವಿಂಗಿಗೆ ಹೋಗಿಬಿಟ್ಟಿದ್ದ! ಹಾಡು ಗೆದ್ದಿತು, ನಾಟಕ ಸೋತಿತು. ನಾಟಕದಲ್ಲಿ ಹಾಡು ಯಾತಕ್ಕೆ ಬೇಕು ಎಂಬ ಪ್ರಶ್ನೆ ಆವತ್ತು ನನ್ನ ತಲೆಗೆ ಬಂತು. ಅದಕ್ಕೆ ಉತ್ತರ ಸಿಕ್ಕಿದ್ದು ಕಾರಂತರ ನಾಟಕಗಳಲ್ಲಿ.

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ನೇ ಇಸವಿ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡ ಜಿಲ್ಲೆ ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ. ಕಿವಿಗೆ ಬಿದ್ದದ್ದು ಯಕ್ಷಗಾನದ ಚೆಂಡೆ, ಭಾಗವತರ ಪದ. ಮೂರನೇ ಕ್ಲಾಸಿನಲ್ಲಿದ್ದಾಗಲೇ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಬಣ್ಣ ಹಚ್ಚಿದರು. ಹಚ್ಚಿದ ಬಣ್ಣ ಮುಖದಿಂದ ಹೋಯಿತು, ಮನಸ್ಸಿನಿಂದ ಹೋಗಲಿಲ್ಲ. ಹುಡುಗ ಮನೆ ಬಿಟ್ಟು ಓಡಿಹೋದ. ಹೋಗಿ ಸೇರಿಕೊಂಡದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು.

ಗುಬ್ಬಿ ಕಂಪನಿ ಅಂದರೆ ಹಳಬರಿಗೆ ಹೇಳಬೇಕಾಗಿಲ್ಲ. 1884ರಲ್ಲಿ ಶುರುವಾದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಅದು. ಕುರುಕ್ಷೇತ್ರಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದ ಕಂಪನಿ. ವರನಟ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಅದೇ ಗರಡಿಯಲ್ಲಿ ಪಳಗಿದವರು. ನಮ್ಮ ಹಳ್ಳಿಗಳ ಪೇಟಿ ಮೇಷ್ಟ್ರು ಹೇಳಿಕೊಡುವ ಮಟ್ಟುಗಳು ಇಂಥ ಕಂಪನಿಗಳಿಂದಲೇ ಇಳಿದು ಬಂದವು. ಕಾರಂತರು ಆ ಅನ್ನ ಉಂಡವರು. ಚಿಕ್ಕಪುಟ್ಟ ಪಾತ್ರ ಮಾಡುತ್ತಾ, ಪರದೆಯ ಸಂದಿಯಿಂದ ಹಾರ್ಮೋನಿಯಂ ತಬಲ ಕೇಳುತ್ತಾ ಬೆಳೆದರು.

ಇಲ್ಲಿ ವೀರಣ್ಣನವರ ದೊಡ್ಡತನವನ್ನು ಹೇಳದೆ ಮುಂದೆ ಹೋಗಬಾರದು. ಕಂಪನಿಯ ಯಜಮಾನರಿಗೆ ಕೈಕೆಳಗಿನ ಹುಡುಗರು ಕೈಯಲ್ಲೇ ಇದ್ದರೆ ಲಾಭ. ಓದಿಸಿದರೆ ಹಾರಿಹೋಗುತ್ತಾರೆ. ಆದರೂ ವೀರಣ್ಣನವರು ಈ ಹುಡುಗನನ್ನು ಕಾಶಿಗೆ ಓದಲು ಕಳಿಸಿದರು. ಅಲ್ಲಿ ಎಂ.ಎ. ಮಾಡಿದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತದ ಪಾಠವಾಯಿತು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಅಲ್ಲಿನ ಪದವಿ. ಕರಾವಳಿಯ ಚೆಂಡೆ, ಕಂಪನಿಯ ಪೇಟಿ, ಕಾಶಿಯ ರಾಗ ಮೂರೂ ಒಬ್ಬರಲ್ಲೇ ಸೇರಿದವು. ಆ ಕಾಲಕ್ಕೆ ಇಂಥವರು ಇನ್ನೊಬ್ಬರಿದ್ದರು ಎಂದು ನನಗೆ ಅನ್ನಿಸುವುದಿಲ್ಲ.

ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದ ಕಾರಂತರು 1972ರ ಹೊತ್ತಿಗೆ ಬೆಂಗಳೂರಿಗೆ ಬಂದರು. ಆ ವರ್ಷ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಈಡಿಪಸ್’, ಕಂಬಾರರ ‘ಜೋಕುಮಾರಸ್ವಾಮಿ’, ಲಂಕೇಶರ ‘ಸಂಕ್ರಾಂತಿ’ ಮೂರು ನಾಟಕಗಳನ್ನು ಕಟ್ಟಿದರು. ಪರದೆ ಇಲ್ಲ, ಸೀನರಿ ಇಲ್ಲ. ಕನ್ನಡ ನಾಟಕದ ದಿಕ್ಕೇ ಬದಲಾಯಿತು ಎಂದು ಬಲ್ಲವರು ಇವತ್ತಿಗೂ ಹೇಳುತ್ತಾರೆ. ಪತ್ನಿ ಶ್ರೀಮತಿ ಪ್ರೇಮಾ ಕಾರಂತರ ಜೊತೆ ಸೇರಿ ಬೆನಕ ತಂಡವನ್ನು ಕಟ್ಟಿದರು. ಬೆನಕ ಅಂದರೆ ಬೆಂಗಳೂರು ನಗರ ಕಲಾವಿದರು. ಪ್ರೇಮಾ ಅವರೂ ಕಡಿಮೆಯವರಲ್ಲ, ‘ಫಣಿಯಮ್ಮ’ ಸಿನಿಮಾ ನಿರ್ದೇಶಿಸಿದವರು ಅವರೇ.

ಇನ್ನು ಅವರ ಸಂಗೀತದ ಮರ್ಮ. ಕಾರಂತರು ಪೇಟಿಯನ್ನು ಬಿಡಲಿಲ್ಲ, ಅದನ್ನು ಮುಂದಿಟ್ಟುಕೊಂಡೇ ಕೂತು ಇಡೀ ಮೇಳವನ್ನು ಕಣ್ಣಿನಲ್ಲಿ, ಕೈಯಲ್ಲಿ ನಡೆಸುತ್ತಿದ್ದರು. ಆದರೆ ಹಾಡು ನಟನ ಕಂಠ ತೋರಿಸುವುದಕ್ಕಲ್ಲ, ಕಥೆ ಮುಂದಕ್ಕೆ ಹೋಗುವುದಕ್ಕೆ ಎಂಬುದು ಅವರ ಪಟ್ಟು. ಕಂಪನಿಯಲ್ಲಿ ರಾಜಾ ಪಾರ್ಟಿನವನು ಒಬ್ಬನೇ ಹಾಡಿದರೆ, ಕಾರಂತರಲ್ಲಿ ಮೇಳವೇ ಹಾಡುತ್ತದೆ. ಒಳ್ಳೆಯ ಕಂಠ ಇಲ್ಲದವನಿಗೂ ಅಲ್ಲಿ ಜಾಗ ಉಂಟು. ವಾದ್ಯಗಳ ಮಾತಂತೂ ಕೇಳಲೇಬೇಡಿ. ಕಲ್ಲು, ಮರದ ತುಂಡು, ತಗಡು, ಗಂಟೆ, ಶಂಖ ಎಲ್ಲಾ ವಾದ್ಯವೇ. ಮನುಷ್ಯರ ಉಸಿರು, ನಿಟ್ಟುಸಿರು ಕೂಡ ತಾಳವೇ.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು ರಾತ್ರಿ ಹೊತ್ತು ಸೊಪ್ಪು ತಿನ್ನುವಾಗ ಹುಳು ಮನೆಯಲ್ಲಿ ಸೋನೆ ಮಳೆ ಬಿದ್ದಂಥ ಸದ್ದು ಬರುತ್ತದಲ್ಲ, ಅದು ನಮಗೆ ಸೊಪ್ಪು ಸಾಲುತ್ತೋ ಇಲ್ಲವೋ ಎಂಬ ಚಿಂತೆಯ ಸದ್ದು. ಕಾರಂತರಂಥವರ ಕಿವಿಗೆ ಬಿದ್ದಿದ್ದರೆ ಅದೊಂದು ನಾಟಕದ ಸಂಗೀತವೇ ಆಗಿಬಿಡುತ್ತಿತ್ತು. ಬೆಳಿಗ್ಗೆ ಡೈರಿ ಮುಂದೆ ಹಾಲಿನ ಕ್ಯಾನು ಉರುಳುವ ಸದ್ದೂ ಅಷ್ಟೆ.

ಜಡಭರತರ ‘ಸತ್ತವರ ನೆರಳು’ ನಾಟಕದಲ್ಲಿ ಅವರು ಮಾಡಿದ ಕೆಲಸವನ್ನು ನೋಡಿಯೇ ತಿಳಿಯಬೇಕು. ಮಠದೊಳಗಿನ ರಾಜಕೀಯದ ಕಥೆ ಅದು. ಅದಕ್ಕೆ ಪುರಂದರದಾಸರ ಪದಗಳನ್ನು ಹೊಸ ಮಟ್ಟಿನಲ್ಲಿ ಹೊಂದಿಸಿದರು. ನಮ್ಮ ಕೈವಾರ ತಾತಯ್ಯನವರ ತತ್ವಪದಗಳನ್ನು ಭಜನೆಯಲ್ಲಿ ಕಣ್ಣು ಮುಚ್ಚಿ ಹಾಡುತ್ತೇವೆ. ಅಂಥದೇ ಭಕ್ತಿಯ ಪದ ಈ ನಾಟಕದಲ್ಲಿ ಬಂದಾಗ ಜನ ನಗುತ್ತಾರೆ, ಮರುಕ್ಷಣವೇ ಎದೆ ಚುರ್ ಅನ್ನುತ್ತದೆ. ಪದ ಹಳೆಯದೇ, ಅದನ್ನು ಯಾವ ಜಾಗದಲ್ಲಿ ಇಟ್ಟರು ಎಂಬುದರಲ್ಲಿ ಎಲ್ಲಾ ಇದೆ. ಕಾರ್ನಾಡರ ‘ಹಯವದನ’, ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಇವೂ ಅವರ ಸಂಗೀತದಿಂದ ಜನಮನ ಸೇರಿದವು.

ಸಿನಿಮಾದಲ್ಲೂ ಕಾರಂತರ ಹೆಸರು ದೊಡ್ಡದು. 1971ರಲ್ಲಿ ಗಿರೀಶ ಕಾರ್ನಾಡರ ಜೊತೆ ‘ವಂಶವೃಕ್ಷ’, 1975ರಲ್ಲಿ ಶಿವರಾಮ ಕಾರಂತರ ಕಾದಂಬರಿಯಿಂದ ‘ಚೋಮನ ದುಡಿ’. ಎರಡನೆಯದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚೋಮನ ಸಂಕಟವನ್ನೆಲ್ಲಾ ಆ ದುಡಿಯೇ ಹೇಳುತ್ತದೆ. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ 1976, 1977 ಎರಡು ವರ್ಷ ಬೆನ್ನುಬೆನ್ನಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಬಂಗಾಳದ ಮೃಣಾಲ್ ಸೇನರು ಸಹ ತಮ್ಮ ಚಿತ್ರಗಳಿಗೆ ಇವರನ್ನೇ ಕರೆಸಿಕೊಂಡರು.

1977ರಲ್ಲಿ ತಾವು ಓದಿದ ರಾಷ್ಟ್ರೀಯ ನಾಟಕ ಶಾಲೆಗೆ ತಾವೇ ನಿರ್ದೇಶಕರಾದರು. ಕಂಪನಿ ನಾಟಕದ ಹುಡುಗ ಆ ಕುರ್ಚಿಯಲ್ಲಿ! ಅಲ್ಲಿದ್ದಾಗಲೇ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ‘ಬರ್ನಂ ವನ’ ಎಂಬ ಹೆಸರಿನಿಂದ ಯಕ್ಷಗಾನದ ಮಟ್ಟಿನಲ್ಲಿ ಹಿಂದಿಯವರ ಕೈಲಿ ಆಡಿಸಿದರು. 1981ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಭೋಪಾಲಿನ ಭಾರತ ಭವನದ ರಂಗಮಂಡಲಕ್ಕೆ ಹೋದರು. ಅಲ್ಲಿನ ಹಳ್ಳಿಯವರ ಬುಂದೇಲಿ, ಮಾಳವಿ, ಛತ್ತೀಸ್‌ಗಢಿ ಮಾತುಗಳಲ್ಲೇ ನಾಟಕ ಆಡಿಸಿದರು. ಆ ಮಾತಿನಲ್ಲಿ ದೊಡ್ಡ ನಾಟಕ ಆಡಬಹುದೆಂಬ ಧೈರ್ಯ ಆ ಜನಕ್ಕೆ ಬಂತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನಮಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗಬೇಕು. 1986ರವರೆಗೆ ಅಲ್ಲಿದ್ದರು.

1989ರಲ್ಲಿ ಕರ್ನಾಟಕ ಸರ್ಕಾರ ಮೈಸೂರಿನಲ್ಲಿ ರಂಗಾಯಣ ಶುರುಮಾಡಿ ಕಾರಂತರ ಕೈಗೆ ಒಪ್ಪಿಸಿತು. ಹಳ್ಳಿ ಪಟ್ಟಣಗಳಿಂದ ಹುಡುಗ ಹುಡುಗಿಯರನ್ನು ಆರಿಸಿ, ಸಂಬಳ ಕೊಟ್ಟು ನಾಟಕ ಕಲಿಸುವ ಸಂಸ್ಥೆ. 1995ರವರೆಗೆ ಅದನ್ನು ನಡೆಸಿದರು. ಒಂದು ಕಡೆ ನೆಲೆ ನಿಂತವರಲ್ಲ. ಸಾಹಿತಿ ವೈದೇಹಿ ಅವರು ಕಾರಂತರ ಬಾಯಿಂದ ಕೇಳಿ ಬರೆದ ಆತ್ಮಕಥೆಯ ಹೆಸರೇ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಕನ್ನಡ, ಹಿಂದಿ ಅಲ್ಲದೆ ಬೇರೆ ಹಲವು ಭಾಷೆಗಳಲ್ಲೂ ಸೇರಿ ನೂರಕ್ಕೂ ಹೆಚ್ಚು ನಾಟಕ ಆಡಿಸಿದ ಕಾರಂತರು 2002ನೇ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ಕಾಲವಾದರು.

ಈಗ ನಮ್ಮೂರ ಮಾತು. ಹಳೆಯ ಪೇಟಿ ಮೇಷ್ಟ್ರುಗಳು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಾಟಕಕ್ಕೆ ಕೀಬೋರ್ಡು, ರಿದಂ ಪ್ಯಾಡು ಬಾಡಿಗೆಗೆ ಬರುತ್ತಿವೆ. ಅದು ತಪ್ಪೆಂದು ಹೇಳುವವನು ನಾನಲ್ಲ, ಕಾರಂತರಿಗೆ ತಗಡೂ ಆಗುತ್ತಿತ್ತು. ಆದರೆ ಪದ್ಯ ಯಾತಕ್ಕೆ ಅಲ್ಲಿ ಬಂತು ಎಂದು ಹುಡುಗರಿಗೆ ಹೇಳಿಕೊಡುವ ಮೇಷ್ಟ್ರು ಬೇಕು. ರಜತ ಮಹೋತ್ಸವದ ರಾತ್ರಿ ಸಂಘದ ಮುಂದೆ ಕುರುಕ್ಷೇತ್ರ ಆಡುವುದೆಂದು ತೀರ್ಮಾನವಾಗಿದೆ. ಭಜನೆ ಮನೆಯ ಹಾರ್ಮೋನಿಯಂನಲ್ಲಿ ಎರಡು ರೀಡು ಹೋಗಿವೆ, ತಿದಿಯಲ್ಲಿ ಗಾಳಿ ನಿಲ್ಲುತ್ತಿಲ್ಲ. ರಿಪೇರಿಗೆ ಕೊಟ್ಟಿದ್ದೇವೆ. ಈ ಸಲ ಕುಂತಿಯ ಸನ್ನಿವೇಶದಲ್ಲಿ ದಯಮಾಡಿ ಯಾರೂ ವನ್ಸ್ ಮೋರ್ ಕೂಗಬಾರದಾಗಿ ವಿನಂತಿ.