ಲೀಬಿಗ್ ಮತ್ತು ತಾನೇ ಹೊತ್ತಿದ ಬೆಂಕಿ

ಹೊರಗಿನ ಕಿಡಿಯ ಹಂಗಿಲ್ಲದೆ ಮನುಷ್ಯದೇಹ ತಾನಾಗಿ ಹೊತ್ತಿ ಬೂದಿಯಾಗಬಲ್ಲುದೆಂಬ ನಂಬಿಕೆ ಯೂರೋಪಿನಲ್ಲಿ ಬಹುಕಾಲ ಬಾಳಿತು. ನಮ್ಮ ಕಡೆಗೂ ಇಂಥ ಮಾತು ಹೊಸದಲ್ಲ. ಬಟ್ಟೆ ತಾನಾಗಿ ಉರಿದರೆ ಭಾನಾಮತಿಯೆನ್ನುವವರನ್ನು ನಾನು ಬಲ್ಲೆ. ಆ ನಂಬಿಕೆಯನ್ನು ನ್ಯಾಯಾಲಯದಲ್ಲಿ ಎದುರಿಸಿದವನು ಜರ್ಮನ್ ರಸಾಯನ ಪಂಡಿತ ಯುಸ್ಟಸ್ ಫಾನ್ ಲೀಬಿಗ್. ಸಿರುಗುಪ್ಪದ ಭತ್ತದ ಗದ್ದೆಗೆ ಪೊಟ್ಯಾಷ್ ಎರಚುವ ರೈತ ಈ ಹೆಸರನ್ನು ಕೇಳಿರಲಾರ. ಬೆಳೆಯು ಕೊಂಡೊಯ್ದ ಖನಿಜಗಳನ್ನು ಮಣ್ಣಿಗೆ ಮರಳಿಸಬೇಕೆಂದು 1840ರಲ್ಲಿ ಸಾರಿದವನು ಆತನೇ.

ಲೀಬಿಗ್ 1803ರಲ್ಲಿ ಡಾರ್ಮ್‌ಸ್ಟಾಟ್ ನಗರದಲ್ಲಿ ಬಣ್ಣ ಮಾರುವವನ ಮಗನಾಗಿ ಹುಟ್ಟಿದನು. ಸಿಡಿಮದ್ದಿನ ಹುಚ್ಚು ಬಾಲ್ಯದಿಂದಲೇ ಹತ್ತಿತ್ತು. ಔಷಧದಂಗಡಿಯ ಕೆಲಸವನ್ನು ಅದೇ ಕಳೆಯಿತೆಂದು ಪ್ರತೀತಿ. ಇಪ್ಪತ್ತೊಂದನೆಯ ವಯಸ್ಸಿಗೆ ಗೀಸೆನ್ನಿನಲ್ಲಿ ಪ್ರಾಧ್ಯಾಪಕನಾದನು. ವಿದ್ಯಾರ್ಥಿ ತನ್ನ ಕೈಯಿಂದಲೇ ಪ್ರಯೋಗ ಮಾಡಿ ಕಲಿಯಬೇಕೆಂಬ ಪದ್ಧತಿ ಅಲ್ಲಿಂದ ಜಗತ್ತಿಗೆ ಹರಡಿತು.

1847ರ ಜೂನ್‌ನಲ್ಲಿ ಆತನ ಹುಟ್ಟೂರಿನಲ್ಲೇ ಗೋರ್ಲಿಟ್ಸ್ ಮನೆತನದ ಕೌಂಟೆಸ್ ತನ್ನ ಕೋಣೆಯಲ್ಲಿ ಸುಟ್ಟು ಸತ್ತಿದ್ದಳು. ದೇಹ ತಾನೇ ಹೊತ್ತಿರಬೇಕೆಂದು ವೈದ್ಯರು ಊಹಿಸಿದರು. ಆ ಊಹೆಯೇ ಕೊನೆಯ ಮಾತಾಗಿದ್ದರೆ ಕೊಲೆಗಾರ ಅದೇ ಮನೆಯಲ್ಲಿ ನಿಶ್ಚಿಂತೆಯಿಂದ ಚಾಕರಿ ಮಾಡಿಕೊಂಡಿರುತ್ತಿದ್ದನು! ಸೇವಕ ಯೋಹಾನ್ ಸ್ಟೌಫನ ಮೇಲೆ ಸಂಶಯ ಬಿದ್ದು, 1850ರಲ್ಲಿ ವಿಚಾರಣೆ ನಡೆಯಿತು. ತಜ್ಞಸಾಕ್ಷಿಯಾಗಿ ಬಂದವರಲ್ಲಿ ಲೀಬಿಗ್ ಒಬ್ಬನು.

ಆತನ ವಾದದ ಸರಳತೆ ನನಗೆ ಬಹಳ ಹಿಡಿಸುತ್ತದೆ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಆ ನೀರು ಆರದೆ ಅದು ಉರಿಯದು. ಕುಡುಕನ ದೇಹ ಮದ್ಯದಿಂದ ತೊಯ್ದಿರುವುದೆನ್ನುವಿರಾ? ಮದ್ಯಸಾರದಲ್ಲಿ ವರ್ಷಗಟ್ಟಲೆ ನೆನೆದ ಮಾಂಸಕ್ಕೆ ಬೆಂಕಿಯಿಟ್ಟರೂ ಮದ್ಯಸಾರ ಉರಿದುಹೋಗಿ ಮಾಂಸ ಉಳಿಯುತ್ತದೆ. ಸ್ಟೌಫನಿಗೆ ಜೀವಾವಧಿ ಶಿಕ್ಷೆಯಾಯಿತು. ಕೊಲೆಯನ್ನು ಆಮೇಲೆ ಅವನೇ ಒಪ್ಪಿಕೊಂಡನು.

ಬಳ್ಳಾರಿಯ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು. ಎಣ್ಣೆ ಹೀರಿದ ಹತ್ತಿಯ ರಾಶಿಯಾಗಲಿ ಹಸಿಹುಲ್ಲಿನ ಬಣವೆಯಾಗಲಿ ತಾನಾಗಿ ಹೊತ್ತುವುದುಂಟಲ್ಲ? ಉಂಟು. ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿದಾಗ, ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಾಗ, ಕಾವು ಹುಟ್ಟಿ ಹೊರಬರಲಾರದೆ ಒಳಗೇ ಏರುತ್ತದೆ. ಜೀವಂತ ದೇಹದಲ್ಲಿಯಾದರೋ ರಕ್ತ ಮತ್ತು ಬೆವರು ಆ ಕಾವನ್ನು ಎಡೆಬಿಡದೆ ಹೊರಸಾಗಿಸುತ್ತಿರುತ್ತವೆ.

ಇಷ್ಟಾದರೂ ಡಿಕನ್ಸ್ ತನ್ನ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಕ್ರೂಕನೆಂಬ ಕುಡುಕನನ್ನು ಇದೇ ಬೆಂಕಿಗೆ ಆಹುತಿಯಿತ್ತನು. ವಿಮರ್ಶಕ ಲೂಯಿಸ್ ಆಕ್ಷೇಪಿಸಿದಾಗ 1853ರ ಮುನ್ನುಡಿಯಲ್ಲಿ ಹಳೆಯ ನಿದರ್ಶನಗಳನ್ನೊಡ್ಡಿ ಹಟ ಹಿಡಿದನು. ಕಥೆಗೆ ಆ ಸಾವು ಚೆನ್ನಾಗಿಯೇ ಒಪ್ಪುತ್ತದೆ. ಶಾಸ್ತ್ರಕ್ಕೆ ಮಾತ್ರ ಒಪ್ಪದು.

ಲೀಬಿಗ್ 1873ರಲ್ಲಿ ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಒಂದು ಗಂಟು ಮಾತ್ರ ಬಿಡಿಸದೆ ಉಳಿದಿತ್ತು: ಕೋಣೆಯ ಸಾಮಾನು ಹಾಗೆಯೇ ಇದ್ದು ದೇಹವಷ್ಟೇ ಬೂದಿಯಾಗುವುದು ಹೇಗೆ? ಕುರುಗೋಡಿನ ದೊಡ್ಡಬಸವೇಶ್ವರನ ಮುಂದಿನ ದೀಪವನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಹಣತೆಯಲ್ಲಿ ಬತ್ತಿ ಎಣ್ಣೆಯನ್ನು ಹೀರಿ ಉರಿಯುವಂತೆ, ಸತ್ತವರ ಅಥವಾ ಎಚ್ಚರದಪ್ಪಿದವರ ಬಟ್ಟೆ ಕರಗಿದ ಕೊಬ್ಬನ್ನು ಹೀರಿ ಗಂಟೆಗಟ್ಟಲೆ ಮಂದವಾಗಿ ಉರಿಯಬಲ್ಲುದು. ಬಟ್ಟೆಯಲ್ಲಿ ಸುತ್ತಿದ ಕೊಬ್ಬಿನಿಂದ ಇಂಗ್ಲೆಂಡಿನ ಗೀ ಎಂಬ ವೈದ್ಯ ಇದನ್ನು ಪ್ರಯೋಗಿಸಿ 1965ರಲ್ಲಿ ಪ್ರಕಟಿಸಿದನು. ಆದರೆ ಈ ಬತ್ತಿಗೂ ಮೊದಲ ಕಿಡಿ ಹೊರಗಿನಿಂದಲೇ ಬರಬೇಕು: ಒಲೆಯಿಂದ, ಬೀಡಿಯಿಂದ, ಇಲ್ಲವೆ ಸ್ಟೌಫನಂಥವನ ಕೈಯಿಂದ.