ಫ್ರಾಂಕ್ ಬ್ರಿಮ್ಸೆಕ್

ಫ್ರಾನ್ಸಿಸ್ ಚಾರ್ಲ್ಸ್ ಬ್ರಿಮ್ಸೆಕ್ (26 ಸೆಪ್ಟೆಂಬರ್ 1913 – 11 ನವೆಂಬರ್ 1998) ಅಮೆರಿಕದ ವೃತ್ತಿಪರ ಐಸ್ ಹಾಕಿ ಗೋಲ್‌ಕೀಪರ್. ಇವರು ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) ಬೋಸ್ಟನ್ ಬ್ರೂಯಿನ್ಸ್ ಮತ್ತು ಶಿಕಾಗೊ ಬ್ಲ್ಯಾಕ್ ಹಾಕ್ಸ್ ತಂಡಗಳ ಪರವಾಗಿ ಹತ್ತು ಋತುಗಳ ಕಾಲ ಆಡಿದರು. ಲೀಗ್‌ನ ಬಹುಪಾಲು ಆಟಗಾರರು ಕೆನಡಾದವರೇ ಆಗಿದ್ದ ಕಾಲದಲ್ಲಿ ಅಗ್ರಶ್ರೇಣಿಗೆ ಏರಿದ ಅಮೆರಿಕನ್ನರಲ್ಲಿ ಇವರು ಪ್ರಮುಖರು. 'ಮಿಸ್ಟರ್ ಝೀರೋ' ಎಂಬುದು ಇವರ ಪ್ರಸಿದ್ಧ ಅಡ್ಡಹೆಸರು.

ಆರಂಭಿಕ ಜೀವನ

ಬ್ರಿಮ್ಸೆಕ್ ಮಿನ್ನೆಸೋಟ ರಾಜ್ಯದ ಎವೆಲೆತ್ ಎಂಬ ಪಟ್ಟಣದಲ್ಲಿ ಸ್ಲೊವೇನಿಯಾ ಮೂಲದ ಕುಟುಂಬದಲ್ಲಿ ಜನಿಸಿದರು. ಕಬ್ಬಿಣದ ಅದಿರಿನ ಗಣಿಗಳನ್ನು ಅವಲಂಬಿಸಿದ್ದ ಈ ಸಣ್ಣ ಪಟ್ಟಣ ಮೈಕ್ ಕರಾಕಸ್, ಸ್ಯಾಮ್ ಲೊಪ್ರೆಸ್ಟಿ ಎಂಬ ಇನ್ನಿಬ್ಬರು ಎನ್‌ಎಚ್‌ಎಲ್ ಗೋಲ್‌ಕೀಪರ್‌ಗಳು ಬೆಳೆದ ಸ್ಥಳವೂ ಹೌದು. ಶಾಲಾ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದ ಸಹೋದರ ಜಾನ್ ರಕ್ಷಣಾ ಆಟಗಾರನಾಗಲು ಬಯಸಿದಾಗ ಆ ಸ್ಥಾನ ಫ್ರಾಂಕ್‌ಗೆ ದೊರೆಯಿತು. ಮುಂದೆ ಇವರು ಪಿಟ್ಸ್‌ಬರ್ಗ್ ಯೆಲ್ಲೋ ಜಾಕೆಟ್ಸ್ ತಂಡದಲ್ಲಿಯೂ, 1937–38ರಲ್ಲಿ ಪ್ರಾವಿಡೆನ್ಸ್ ರೆಡ್ಸ್ ತಂಡದಲ್ಲಿಯೂ ಆಡಿದರು. ಆ ಋತುವಿನಲ್ಲಿ ಪ್ರಾವಿಡೆನ್ಸ್ ತಂಡ ಕಾಲ್ಡರ್ ಕಪ್ ಗೆದ್ದಿತು.

ಬೋಸ್ಟನ್ ಬ್ರೂಯಿನ್ಸ್

1938ರ ನವೆಂಬರ್‌ನಲ್ಲಿ ಬ್ರೂಯಿನ್ಸ್ ತಂಡ ತನ್ನ ಜನಪ್ರಿಯ ಗೋಲ್‌ಕೀಪರ್ ಟೈನಿ ಥಾಂಪ್ಸನ್ ಅವರನ್ನು ಡೆಟ್ರಾಯಿಟ್ ರೆಡ್ ವಿಂಗ್ಸ್‌ಗೆ ಮಾರಿ, ಬ್ರಿಮ್ಸೆಕ್ ಅವರನ್ನು ಆ ಸ್ಥಾನಕ್ಕೆ ತಂದಿತು. ನಾಲ್ಕು ಬಾರಿ ವೆಜಿನಾ ಟ್ರೋಫಿ ಗೆದ್ದಿದ್ದ ಆಟಗಾರನನ್ನು ಬಿಟ್ಟುಕೊಟ್ಟ ಈ ನಿರ್ಧಾರ ಅಭಿಮಾನಿಗಳ ಅಸಮಾಧಾನಕ್ಕೆ ಕಾರಣವಾಯಿತು. ಡಿಸೆಂಬರ್ 1ರಂದು ಮಾಂಟ್ರಿಯಲ್‌ನಲ್ಲಿ ನಡೆದ ಪಂದ್ಯದಲ್ಲಿ ತಂಡ 0–2ರಿಂದ ಸೋತಿತು. ಆದರೆ ಅನಂತರದ ಏಳು ಪಂದ್ಯಗಳ ಪೈಕಿ ಆರರಲ್ಲಿ ಬ್ರಿಮ್ಸೆಕ್ ಎದುರಾಳಿಗಳಿಗೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಈ ಅವಧಿಯಲ್ಲಿ ಸತತ 231 ನಿಮಿಷ 54 ಸೆಕೆಂಡುಗಳ ಕಾಲ ಗೋಲು ತಡೆದು, ಥಾಂಪ್ಸನ್ ಅವರದೇ ಹೆಸರಿನಲ್ಲಿದ್ದ ಅಂದಿನ ಆಧುನಿಕ ದಾಖಲೆಯನ್ನು ಮುರಿದರು. ಅಡ್ಡಹೆಸರು ಬಂದದ್ದು ಈ ಸಾಧನೆಯಿಂದಲೇ.

ಆ ಋತುವಿನಲ್ಲಿ ಒಟ್ಟು 10 ಪಂದ್ಯಗಳಲ್ಲಿ ಅವರು ಗೋಲು ಬಿಟ್ಟುಕೊಡಲಿಲ್ಲ. ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡದ ಗೋಲ್‌ಕೀಪರ್‌ಗೆ ಅಂದು ನೀಡಲಾಗುತ್ತಿದ್ದ ವೆಜಿನಾ ಟ್ರೋಫಿ ಹಾಗೂ ಅತ್ಯುತ್ತಮ ಹೊಸ ಆಟಗಾರನಿಗೆ ಮೀಸಲಾದ ಕಾಲ್ಡರ್ ಟ್ರೋಫಿ ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದ ಮೊದಲ ಆಟಗಾರ ಇವರು. 1939ರ ಸ್ಟಾನ್ಲಿ ಕಪ್ ಅಂತಿಮ ಸರಣಿಯ ಐದು ಪಂದ್ಯಗಳಲ್ಲಿ ಟೊರೊಂಟೊ ತಂಡಕ್ಕೆ ಕೇವಲ 6 ಗೋಲು ದಕ್ಕಿದವು. ಕಪ್ ಬೋಸ್ಟನ್ ಪಾಲಾಯಿತು. 1941ರಲ್ಲಿ ತಂಡ ಡೆಟ್ರಾಯಿಟ್ ವಿರುದ್ಧ 4–0ರಿಂದ ಸರಣಿ ಗೆದ್ದು ಮತ್ತೆ ಕಪ್ ಪಡೆಯಿತು. 1942ರ ಆರಂಭದಲ್ಲಿ ಮಿಲ್ಟ್ ಶ್ಮಿಟ್, ವುಡಿ ಡುಮಾರ್ಟ್ ಮತ್ತು ಬಾಬಿ ಬಾವರ್ ಕೆನಡಾದ ವಾಯುಪಡೆ ಸೇರಿ ತಂಡ ಬಲಗುಂದಿದರೂ, ಬ್ರಿಮ್ಸೆಕ್ ಆ ವರ್ಷ ಎರಡನೆಯ ವೆಜಿನಾ ಟ್ರೋಫಿ ಗೆದ್ದರು. ಗೋಲ್‌ಕೀಪರ್‌ಗಳು ಮುಖಕವಚವಿಲ್ಲದೆ ಆಡುತ್ತಿದ್ದ ಆ ದಿನಗಳಲ್ಲಿ, ಪಕ್ ಹಿಡಿಯುವ ಕೈಚಳಕಕ್ಕೆ ಅವರು ಹೆಸರಾಗಿದ್ದರು.

ಯುದ್ಧಕಾಲ ಮತ್ತು ನಿವೃತ್ತಿ

ಎರಡನೆಯ ಮಹಾಯುದ್ಧದಲ್ಲಿ ಬ್ರಿಮ್ಸೆಕ್ ಅಮೆರಿಕದ ಕರಾವಳಿ ರಕ್ಷಣಾ ಪಡೆಯನ್ನು ಸೇರಿದರು. ಮೊದಲು ಪಡೆಯ ಹಾಕಿ ತಂಡದಲ್ಲಿ ಆಡಿ, ಬಳಿಕ ದಕ್ಷಿಣ ಪೆಸಿಫಿಕ್‌ನಲ್ಲಿ ಸೇವೆ ಸಲ್ಲಿಸಿದರು. ಇದರಿಂದ 1943–44 ಮತ್ತು 1944–45ರ ಋತುಗಳು ಅವರ ಕೈತಪ್ಪಿದವು. ಹಿಂದಿರುಗಿದ ನಂತರ ಮೊದಲಿನ ಪ್ರಾಬಲ್ಯ ಪೂರ್ಣವಾಗಿ ಮರಳಲಿಲ್ಲವಾದರೂ, 1946ರಲ್ಲಿ ತಂಡ ಅಂತಿಮ ಸರಣಿ ತಲುಪಿತು ಮತ್ತು 1946ರಿಂದ 1948ರವರೆಗೆ ಪ್ರತಿವರ್ಷವೂ ಅವರು ದ್ವಿತೀಯ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದರು. 1949ರಲ್ಲಿ ಶಿಕಾಗೊ ತಂಡಕ್ಕೆ ತೆರಳಿ, ಕೊನೆಯ ಸ್ಥಾನ ಪಡೆದ ಆ ತಂಡದ ಎಲ್ಲ 70 ಪಂದ್ಯಗಳಲ್ಲಿಯೂ ಆಡಿ 1950ರಲ್ಲಿ ನಿವೃತ್ತರಾದರು. ಮುಂದೆ ಮಿನ್ನೆಸೋಟದಲ್ಲಿ ರೈಲು ಚಾಲಕರಾಗಿ ದುಡಿದರು. ಅದೇ ರಾಜ್ಯದ ವರ್ಜೀನಿಯಾ ಪಟ್ಟಣದಲ್ಲಿ ನಿಧನರಾದರು.

ಪರಂಪರೆ

ಬ್ರಿಮ್ಸೆಕ್ ಎನ್‌ಎಚ್‌ಎಲ್‌ನಲ್ಲಿ 514 ಪಂದ್ಯಗಳನ್ನಾಡಿ 252 ಗೆಲುವುಗಳನ್ನು ಪಡೆದರು. 40 ಪಂದ್ಯಗಳಲ್ಲಿ ಗೋಲು ಬಿಟ್ಟುಕೊಡಲಿಲ್ಲ. ಅಮೆರಿಕದ ಗೋಲ್‌ಕೀಪರ್‌ಗಳ ಪೈಕಿ ಈ ಎರಡೂ ದಾಖಲೆಗಳು ದಶಕಗಳ ಕಾಲ ಅಳಿಯದೆ ಉಳಿದವು. ಎಂಟು ಬಾರಿ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದ ಅವರು, 1966ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಗೊಂಡ ಅಮೆರಿಕದ ಮೊದಲ ಗೋಲ್‌ಕೀಪರ್ ಎನಿಸಿದರು. 1973ರಲ್ಲಿ ಎವೆಲೆತ್‌ನಲ್ಲಿ ಆರಂಭವಾದ ಅಮೆರಿಕದ ಹಾಕಿ ಹಾಲ್ ಆಫ್ ಫೇಮ್‌ನ ಮೊದಲ ಸದಸ್ಯರಲ್ಲಿ ಅವರೂ ಒಬ್ಬರು. ಮಿನ್ನೆಸೋಟದ ಪ್ರೌಢಶಾಲೆಗಳ ಅಂತಿಮ ವರ್ಷದ ಅತ್ಯುತ್ತಮ ಗೋಲ್‌ಕೀಪರ್‌ಗೆ ಪ್ರತಿವರ್ಷ ಅವರ ಹೆಸರಿನ ಪ್ರಶಸ್ತಿಯನ್ನು ನೀಡಲಾಗುತ್ತದೆ.